ಜಾಸ್ತಿ ಕಿತ್ತುಕೊಂಡ ದುಡ್ಡು ವಾಪಸ್ ಬಂದ ಕತೆ

ಕೇಳುಗರಿಗೆ ನಮಸ್ಕಾರ.

1901ರಲ್ಲಿ ಚೀನಾ ತಲೆ ಮೇಲೆ ಬಿದ್ದ ದಂಡ 45 ಕೋಟಿ ಟೇಲ್ ಬೆಳ್ಳಿ. ಟೇಲ್ ಅಂದರೆ ಚೀನಾದ ಹಳೇ ತೂಕದ ಅಳತೆ. ವಿದೇಶಿಯರ ವಿರುದ್ಧ ಚೀನಾದಲ್ಲಿ ಎದ್ದಿದ್ದ ಬಾಕ್ಸರ್ ದಂಗೆಯನ್ನು ಅಡಗಿಸಿದ ವಿದೇಶಿ ಸರ್ಕಾರಗಳು ಹಾಕಿದ್ದು. 39 ವರ್ಷದ ಕಂತು, ಶೇಕಡಾ 4 ಬಡ್ಡಿ. ಎಲ್ಲಾ ಸೇರಿದರೆ ದುಪ್ಪಟ್ಟಿಗಿಂತ ಜಾಸ್ತಿ. ಅದರಲ್ಲಿ ಅಮೆರಿಕದ ಪಾಲು ಸುಮಾರು ಎರಡೂವರೆ ಕೋಟಿ ಡಾಲರ್.

ಬೆಳ್ಳಿ ಬೆಲೆ ಇಳಿಯುತ್ತಿದ್ದ ಕಾಲ, ಕಂತು ಮಾತ್ರ ಚಿನ್ನದ ಲೆಕ್ಕದಲ್ಲೇ ಬೇಕು ಅಂತ ಇವರ ಪಟ್ಟು. ವಾಷಿಂಗ್ಟನ್‌ನಲ್ಲಿದ್ದ ಚೀನಾ ರಾಯಭಾರಿ ಲಿಯಾಂಗ್ ಚೆಂಗ್ ಇದನ್ನೇ ಹಿಡಿದುಕೊಂಡು ವಿದೇಶಾಂಗ ಕಾರ್ಯದರ್ಶಿ ಜಾನ್ ಹೇ ಹತ್ತಿರ ಹೋದರು. ಲಿಯಾಂಗ್ ಹುಡುಗನಾಗಿದ್ದಾಗಲೇ ಮ್ಯಾಸಚೂಸೆಟ್ಸ್‌ನ ಶಾಲೆಯಲ್ಲಿ ಓದಿ, ಬೇಸ್‌ಬಾಲ್ ಆಡಿದವರು. ಅಮೆರಿಕನ್ನರ ಮಾತಿನ ವರಸೆ ಅವರಿಗೆ ಚೆನ್ನಾಗಿ ಗೊತ್ತು. ಮಾತಿನ ನಡುವೆ, ನಾವು ಕೇಳಿದ್ದೇ ಸ್ವಲ್ಪ ಜಾಸ್ತಿಯಾಯಿತು ಅನ್ನೋ ಅರ್ಥದ ಮಾತು ಹೇ ಬಾಯಿಂದ ಜಾರಿತು ಅಂತ ಲಿಯಾಂಗ್ ತಮ್ಮ ಸರ್ಕಾರಕ್ಕೆ ಬರೆದರು. ಅಷ್ಟು ಸಾಕಲ್ವಾ? ಚಿನ್ನ-ಬೆಳ್ಳಿ ಜಗಳ ಬದಿಗಿಟ್ಟು, ಹೆಚ್ಚಿಗೆ ತಗೊಂಡಿದ್ದನ್ನು ವಾಪಸ್ ಕೊಡಿ ಅಂತ ಬೆನ್ನು ಹತ್ತಿದರು.

1905ರಲ್ಲಿ ಹೇ ತೀರಿಕೊಂಡರು. ಅದೇ ವರ್ಷ, ಚೀನೀಯರನ್ನು ಒಳಗೆ ಬಿಡದ ಅಮೆರಿಕದ ವಲಸೆ ಕಾನೂನಿನ ಸಿಟ್ಟಿಗೆ ಚೀನಾದ ಊರುಗಳಲ್ಲಿ ಅಮೆರಿಕದ ಸಾಮಾನಿಗೆ ಬಹಿಷ್ಕಾರ ಬಿತ್ತು. ಮಾತುಕತೆ ಕುಂಟುತ್ತಾ ಸಾಗಿ, ಕೊನೆಗೆ 1908ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕೋಟಿಗೂ ಹೆಚ್ಚು ಡಾಲರ್ ಬಿಟ್ಟುಕೊಡಲು ಒಪ್ಪಿತು.

ನಿಜವಾದ ಹಗ್ಗಜಗ್ಗಾಟ ಇದ್ದದ್ದು ಆ ದುಡ್ಡು ಯಾರ ಮಾತಿನಂತೆ ಖರ್ಚಾಗಬೇಕು ಅನ್ನೋದರಲ್ಲಿ. ಚೀನಾದಲ್ಲಿ ಕೆಲವರಿಗೆ ಅದನ್ನು ತಮ್ಮ ದೇಶದ ಈಶಾನ್ಯದ ಮಂಚೂರಿಯಾದಲ್ಲಿ ತೊಡಗಿಸುವ ಆಸೆ. ಅದಕ್ಕೆಂದೇ ಚೀನಾದ ಅಧಿಕಾರಿ ಟಾಂಗ್ ಶಾವೋಯಿ ಅಮೆರಿಕಕ್ಕೆ ಹೊರಟರು. ಬೀಜಿಂಗ್‌ನಲ್ಲಿದ್ದ ಅಮೆರಿಕದ ರಾಯಭಾರಿ ವಿಲಿಯಂ ರಾಕ್‌ಹಿಲ್ ಜಗ್ಗಲಿಲ್ಲ. ಹುಡುಗರನ್ನು ನಮ್ಮ ದೇಶಕ್ಕೆ ಓದಲು ಕಳಿಸಿ ಅಂದರು. ಹೆಚ್ಚಿಗೆ ಬೆಲೆ ಕಿತ್ತ ಅಂಗಡಿಯವನು ಚಿಲ್ಲರೆ ವಾಪಸ್ ಕೊಡುವಾಗ, ಇದರಲ್ಲಿ ಇಂಥದ್ದೇ ಕೊಂಡುಕೋ ಅಂದ ಹಾಗೆ! ಆದರೂ ಇದನ್ನೆಲ್ಲಾ ಸುಮ್ನೆ ಅಮೆರಿಕದ ಔದಾರ್ಯ ಅಂತ ಎಷ್ಟೋ ಕಡೆ ಬರೆದುಬಿಡುತ್ತಾರೆ.

ಓದಿನಿಂದ ಒಳ್ಳೆಯದೇ ಆಯಿತು ಅನ್ನಿ. 1909ರಲ್ಲಿ ಮೊದಲ ತಂಡ ಹಡಗು ಹತ್ತಿತು. ಮರುವರ್ಷದ ತಂಡದಲ್ಲಿ ಹು ಶಿ ಇದ್ದರು, ಮುಂದೆ ಚೀನೀ ಸಾಹಿತ್ಯವನ್ನು ಆಡುಮಾತಿನ ಕಡೆಗೆ ತಿರುಗಿಸಿದವರು. ಇದೇ ದುಡ್ಡಿನಲ್ಲಿ 1911ರಲ್ಲಿ ಶುರುವಾದ ಚಿಂಗ್ಹುವಾ ಶಾಲೆ ಇವತ್ತು ದೊಡ್ಡ ವಿಶ್ವವಿದ್ಯಾಲಯ.

ಬ್ರಿಟನ್ನಿನವರು ಇನ್ನೂ ಚಾಲಾಕು. ತಮ್ಮ ಪಾಲಿನ ದಂಡ ವಾಪಸ್ ಕೊಡಲು ಕಾನೂನು ಮಾಡಿದ್ದು 1925ರಲ್ಲಿ, ಒಪ್ಪಂದ ಕುದುರಿದ್ದು 1930ರಲ್ಲಿ. ವಾಪಸ್ ಕೊಟ್ಟ ದುಡ್ಡಿನ ದೊಡ್ಡ ಪಾಲು ಚೀನಾದ ರೈಲ್ವೆಗೆ ಹೋಯಿತು. ರೈಲಿನ ಸಾಮಾನು ಮಾತ್ರ ಬ್ರಿಟನ್ನಿನಿಂದಲೇ ಬರಬೇಕಿತ್ತು.