ಅಕ್ಕನ ಮನೆಯ ನೆಲ ಕೊರೆದು ರೇಡಾನ್ ಹೊರಗೆ ಕಳಿಸಿದ ಕತೆ

ನಮಸ್ಕಾರ ಎಲ್ಲರಿಗೂ. ಹಿಂದೆ ಮಳೆ ಶಬ್ದ ಕೇಳಿಸಿದರೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ, ನಾನು ಮಾತಾಡುತ್ತಿರುವುದು ಉಡುಪಿ ಸಂತೆಕಟ್ಟೆಯ ನಮ್ಮ ಮನೆಯಿಂದ. ಆದರೆ ಸ್ಕ್ರೀನಿನಲ್ಲಿ ಕಾಣುವ ಈ ನೆಲಮಾಳಿಗೆ ನಮ್ಮದಲ್ಲ. ಅಕ್ಕ, ಭಾವ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೊಂಡ ಮನೆಯದ್ದು, ಕ್ಲಿಪ್ಪುಗಳೆಲ್ಲ ಭಾವ ವಾಟ್ಸಾಪ್‌ನಲ್ಲಿ ಕಳಿಸಿದ್ದು.

"ಹೊಸ ಮನೆಯ ನೆಲಕ್ಕೆ ತೂತು ಕೊರೆಯುವುದು ಎಂತಕ್ಕೆ?" ಅಂತ ಅಮ್ಮ ಕೇಳಿದರು. ಸರಿಯಾದ ಪ್ರಶ್ನೆಯೇ. ಮಣ್ಣಿನಲ್ಲಿ, ಬಂಡೆಯಲ್ಲಿ ಇರುವ ಯುರೇನಿಯಂ ನಿಧಾನವಾಗಿ ಒಡೆಯುತ್ತಾ ಹೋದಾಗ ರೇಡಾನ್ ಅನ್ನುವ ಅನಿಲ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಯಲಲ್ಲಿ ಗಾಳಿಗೆ ಹಾರಿ ಹೋಗುತ್ತದೆ, ತೊಂದರೆ ಇಲ್ಲ. ಆದರೆ ಚಳಿ ಊರಿನ ಮನೆಗಳಲ್ಲಿ ಕಿಟಕಿ ಬಾಗಿಲು ಮುಚ್ಚಿ ಹೀಟರ್ ಹಾಕಿರುತ್ತಾರೆ, ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಆ ಜಾಗಕ್ಕೆ ನೆಲದ ಬಿರುಕುಗಳಿಂದ ಮಣ್ಣಿನ ಗಾಳಿ ಒಳಗೆ ಬರುತ್ತದೆ, ಅದರ ಜೊತೆ ರೇಡಾನೂ ಬರುತ್ತದೆ. ಅದು ಒಡೆದು ಹುಟ್ಟುವ ಕಣಗಳು ಉಸಿರಿನ ಜೊತೆ ಶ್ವಾಸಕೋಶದಲ್ಲಿ ಹೋಗಿ ಕೂರುತ್ತವೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟು ಬಿಟ್ಟರೆ ಮುಂದಿನ ಕಾರಣ ಇದೇ. ಸಿಗರೇಟೂ ಸೇದುವವರಾದರೆ ಅಪಾಯ ಇನ್ನೂ ಜಾಸ್ತಿ.

ಪೆನ್ಸಿಲ್ವೇನಿಯಾದಲ್ಲಿ ಇದರ ಬಗ್ಗೆ ಇಷ್ಟು ತಲೆಬಿಸಿ ಇರುವುದಕ್ಕೂ ಒಂದು ಹಿನ್ನೆಲೆ ಉಂಟು. 1984ರ ಡಿಸೆಂಬರಿನಲ್ಲಿ ಸ್ಟ್ಯಾನ್ಲಿ ವಾಟ್ರಾಸ್ ಅನ್ನುವ ಎಂಜಿನಿಯರ್ ಅಲ್ಲಿನ ಲಿಮರಿಕ್ ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದರು. ಅವರು ಹತ್ತಿರ ಬಂದರೆ ಸಾಕು, ವಿಕಿರಣ ಪತ್ತೆ ಮಾಡುವ ಯಂತ್ರ ಕೂಗುತ್ತಿತ್ತು. ಹುಡುಕಿದರೆ ವಿಕಿರಣ ಸ್ಥಾವರದ್ದಲ್ಲ ಮಾರಾಯ್ರೆ, ಅವರ ಮನೆಯದ್ದು! ಮನೆಯ ಗಾಳಿಯಲ್ಲಿ ರೇಡಾನ್ ಒಂದು ಲೀಟರ್ ಗಾಳಿಗೆ ಸುಮಾರು 2,700 ಪಿಕೊಕ್ಯೂರಿ ಇತ್ತು, ಪಿಕೊಕ್ಯೂರಿ ಅಂದರೆ ವಿಕಿರಣ ಅಳೆಯುವ ಒಂದು ಮಾನ. ಇವತ್ತು ಅಲ್ಲಿ 4 ದಾಟಿದರೆ ರಿಪೇರಿ ಮಾಡಿಸಿ ಅನ್ನುತ್ತಾರೆ. ಆ ರಾಜ್ಯದಲ್ಲಿ ನೂರಕ್ಕೆ ನಲವತ್ತು ಮನೆಗಳು ಆ ಗೆರೆ ದಾಟುತ್ತವಂತೆ.

ಅಕ್ಕನ ಮನೆಯಲ್ಲಿ, ಕೊಳ್ಳುವ ಮೊದಲು ಮಾಡಿಸಿದ ಪರೀಕ್ಷೆಯಲ್ಲಿ, 9.6 ಬಂತು.

ಈಗ ಕಾಣುತ್ತಿರುವುದು ಆ ಪರೀಕ್ಷೆಯ ಗ್ರಾಫ್. ಸ್ವಲ್ಪ ಹತ್ತಿರದಿಂದ ನೋಡಿ. ಟೆಸ್ಟ್ ಶುರುವಾಗುವ 12 ಗಂಟೆ ಮೊದಲೇ ಕಿಟಕಿ ಬಾಗಿಲು ಮುಚ್ಚಿರಬೇಕು, ಮುಗಿಯುವ ತನಕ ಹಾಗೇ ಇರಬೇಕು, ಕಡಿಮೆ ಅಂದರೂ 48 ಗಂಟೆ. ಇದು ಗಂಟೆಗೊಮ್ಮೆ ಅಳೆದು ಬರೆದಿಡುವ ಮೀಟರ್. ಇಲ್ಲಿ ನಡುವೆ ಗೆರೆ ದಬಕ್ಕನೆ ಕೆಳಗೆ ಬಿದ್ದಿದೆ ಅಲ್ವಾ? ಯಾರೋ ಕಿಟಕಿ ತೆರೆದಿದ್ದಾರೆ. ಆಗ ಮನೆಯಲ್ಲಿ ಇದ್ದದ್ದು ಮಾರುವವರು, ಅಷ್ಟು ಹೇಳಿದರೆ ಸಾಕು. ಇದ್ದಿಲಿನ ಸಣ್ಣ ಡಬ್ಬಿ ಇಟ್ಟು ಲ್ಯಾಬಿಗೆ ಕಳಿಸುವ ಅಗ್ಗದ ಕಿಟ್ ಕೂಡ ಉಂಟು, ಆದರೆ ಅದರಲ್ಲಿ ಬರುವುದು ಸರಾಸರಿ ಮಾತ್ರ, ಇಂಥ ಕಳ್ಳಾಟ ಕಾಣುವುದಿಲ್ಲ. ಮನೆ ಕೊಳ್ಳುವಾಗ ಇಂಥ ಮೀಟರ್ ಇರುವವರನ್ನೇ ಕರೆಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಸರಿಮಾಡುವವರ ಹುಡುಕಾಟ. ಭಾವ ಮೂರು ಕಡೆ ಕೊಟೇಷನ್ ಕೇಳಿದರು, ನಾನು ವಿಡಿಯೋ ಕಾಲ್‌ನಲ್ಲಿ ಕೂತು ಕೇಳಿಸಿಕೊಂಡೆ. ಒಬ್ಬ ಮನೆಗೆ ಬರದೆ ಫೋನಿನಲ್ಲೇ ರೇಟ್ ಹೇಳಿ, ಇವತ್ತೇ ಅಡ್ವಾನ್ಸ್ ಕೊಟ್ಟರೆ ಡಿಸ್ಕೌಂಟ್ ಅಂದ. ಇನ್ನೊಬ್ಬ ಬಿರುಕು ಮುಚ್ಚಿದರೆ ಸಾಕು, ನೆಲದಡಿಯ ಗಾಳಿ ಎಳೆದು ಹೊರಗೆ ಬಿಡುವ ಪೈಪು, ಫ್ಯಾನ್ ಎಲ್ಲ ಸುಮ್ನೆ ಖರ್ಚು ಅಂದ. ಅಗ್ಗದ್ದು ಕೇಳಿ ಅಕ್ಕನಿಗೆ ಖುಷಿ ಆಯಿತು, ಆದರೆ ಬರೀ ಬಿರುಕು ಮುಚ್ಚುವುದನ್ನು ನಂಬಬೇಡಿ ಅಂತ ಅಲ್ಲಿನ ಪರಿಸರ ಇಲಾಖೆ ಇಪಿಎ ಹೇಳುತ್ತದೆ. ಮನೆ ಹೋಗ್ತಾ ಹೋಗ್ತಾ ಸ್ವಲ್ಪ ಕೆಳಗೆ ಕೂರುತ್ತದೆ, ಹೊಸ ಬಿರುಕು ಬರುತ್ತದೆ, ಎಷ್ಟು ಅಂತ ಮುಚ್ಚುವುದು?

ಮೂರನೆಯವರು ಮನೆಗೇ ಬಂದರು. ಪೆನ್ಸಿಲ್ವೇನಿಯಾದಲ್ಲಿ ಅಳೆಯುವವರಿಗೆ ಬೇರೆ, ಸರಿಮಾಡುವವರಿಗೆ ಬೇರೆ ಸರ್ಟಿಫಿಕೇಟ್, ಅದನ್ನು ಕೊಡುವುದು ರಾಜ್ಯ ಸರಕಾರ. ಭಾವ ನಂಬರ್ ಕೇಳಿ ತಾಳೆ ನೋಡಿದರು. ನಾನು ಈ ವಿಡಿಯೋ ಮಾಡಿದ್ದೇ ಮುಖ್ಯವಾಗಿ ಈ ವಿಷಯ ಹೇಳಲಿಕ್ಕೆ: ಅಳೆಯುವವರು ಬೇರೆ ಇರಲಿ, ರಿಪೇರಿ ಮಾಡುವವರು ಬೇರೆ ಇರಲಿ. ರಿಪೇರಿಯಿಂದ ದುಡ್ಡು ಮಾಡುವವರೇ ಮೊದಲು ಅಳೆದರೆ ನಂಬರ್ ಜಾಸ್ತಿ ಬಂದರೆ ಅವರಿಗೆ ಲಾಭ, ಕೆಲಸ ಆದಮೇಲೆ ಅವರೇ ಅಳೆದರೆ ಕಡಿಮೆ ಬಂದರೆ ಲಾಭ. ಒಳ್ಳೆಯವರೇ ಇರಬಹುದು, ಆದರೂ ಬೇಡ.

ಈ ದೃಶ್ಯ ನನಗೆ ತುಂಬ ಇಷ್ಟ. ಕಾಂಕ್ರೀಟ್ ನೆಲದ ಒಂದು ಮೂಲೆಯಲ್ಲಿ ತೂತು ಕೊರೆದು ವ್ಯಾಕ್ಯೂಮ್ ಹಚ್ಚಿದ್ದಾರೆ. ಎದುರು ಮೂಲೆಯಲ್ಲಿ ಇನ್ನೊಂದು ಸಣ್ಣ ತೂತು, ಅದರ ಬಾಯಿಗೆ ಹೊಗೆ ಬಿಡುವ ಕಡ್ಡಿ ಹಿಡಿದಿದ್ದಾರೆ. ಮೇಲಕ್ಕೆ ಹೋಗಬೇಕಾದ ಹೊಗೆ, ನೋಡಿ, ಬಾಗಿ ತೂತಿನ ಒಳಗೆ ಇಳಿಯುತ್ತಿದೆ. ಅಂದರೆ ಇಲ್ಲಿ ಎಳೆದರೆ ಅಲ್ಲಿ ತನಕ ಮುಟ್ಟುತ್ತದೆ, ಒಂದೇ ಪೈಪು ಸಾಕು. ಈ ಪರೀಕ್ಷೆ ಮಾಡದೆ ಪೈಪು ಎಲ್ಲಿಗೆ ಬರಬೇಕು ಅಂತ ಹೇಳುವವರು ಅಂದಾಜಿಗೆ ಹೇಳುತ್ತಿದ್ದಾರೆ ಅಷ್ಟೇ.

ಆಮೇಲೆ ದೊಡ್ಡ ತೂತು, ಒಳಗಿನ ಜಲ್ಲಿ ಕೈಯಲ್ಲೇ ಬಗೆದು ಬಕೆಟ್ಟಿಗೆ ತುಂಬಿದರು, ಪಿವಿಸಿ ಪೈಪು ಇಳಿಸಿ ಸುತ್ತ ಸೀಲ್ ಮಾಡಿದರು. ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ, ನೆಲದ ಅಡಿಯ ಗಾಳಿ ಮನೆಯೊಳಗೆ ಬರುವ ಮೊದಲೇ ಮಾಡಿನ ಮೇಲಕ್ಕೆ ಹೋಗಿಬಿಡುತ್ತದೆ. ಫ್ಯಾನ್ ಮಾತ್ರ ನೆಲಮಾಳಿಗೆಯಲ್ಲಿ ಇಡುವಂತಿಲ್ಲ, ಮನೆಯ ಹೊರಗೆ ಅಥವಾ ಅಟ್ಟದಲ್ಲಿ ಇರಬೇಕು, ಯಾಕಂದರೆ ಫ್ಯಾನಿನ ಮೇಲಿನ ಪೈಪು ಎಲ್ಲಾದರೂ ಸೋರಿದರೆ ರೇಡಾನ್ ತಿರುಗಿ ಮನೆಯೊಳಗೇ ಬರುತ್ತದೆ. ಹಗಲೂ ರಾತ್ರಿ ಓಡುವ ಫ್ಯಾನ್ ಅದು. ಪೈಪಿಗೆ ಹಚ್ಚಿದ ಈ ಯು ಆಕಾರದ ಕೊಳವೆಯಲ್ಲಿ ಬಣ್ಣದ ದ್ರವ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದ್ದರೆ ಫ್ಯಾನ್ ಎಳೆಯುತ್ತಿದೆ ಅಂತ. ಎರಡೂ ಸಮ ಆದರೆ ನಿಂತಿದೆ ಅಂತ. ಅಕ್ಕ ಬಟ್ಟೆ ಒಗೆಯಲು ಕೆಳಗೆ ಇಳಿದಾಗಲೆಲ್ಲ ಒಮ್ಮೆ ಅದನ್ನು ನೋಡುತ್ತಾಳೆ.

ಕೆಲಸ ಮುಗಿದ ಮೇಲೆ ಮೊದಲಿನ ಟೆಸ್ಟ್‌ನವರೇ ಬಂದು ಅಳೆದರು. 1.1. ಪೂರ್ತಿ ಸೊನ್ನೆ ಬರುವುದಿಲ್ಲ, ಹೊರಗಿನ ಗಾಳಿಯಲ್ಲೇ ಸ್ವಲ್ಪ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಮತ್ತೆ ಟೆಸ್ಟ್ ಮಾಡಿಸಬೇಕು.

ಇನ್ನು ನಮ್ಮೂರಿನ ಕತೆ. ಉಳ್ಳಾಲದ ಕಡಲ ಮರಳಿನಲ್ಲಿ ಮೊನಜೈಟ್ ಅನ್ನುವ ಖನಿಜ ಇದೆ, ಅದರಲ್ಲಿ ವಿಕಿರಣ ಬಿಡುವ ಥೋರಿಯಂ, ಹಾಗಾಗಿ ಅಲ್ಲಿ ವಿಕಿರಣ ಸ್ವಲ್ಪ ಜಾಸ್ತಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದವರು ಕರಾವಳಿಯ ವಿಕಿರಣವನ್ನು ತುಂಬ ವರ್ಷಗಳಿಂದ ಅಳೆಯುತ್ತಾ ಬಂದಿದ್ದಾರೆ. ಆದರೆ ಮನೆಗೆ ಬಂದು ರೇಡಾನ್ ಪೈಪು ಹಾಕುವ ಕಸುಬಿನವರನ್ನು ನಾನು ಇಲ್ಲಿ ಕಂಡಿಲ್ಲ. ನಮ್ಮ ಹಂಚಿನ ಮಾಡಿನ ಮನೆಗಳಲ್ಲಿ ಗಾಳಿ ನಿಲ್ಲುವುದೇ ಇಲ್ಲ, ಅಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳುವ ಕಾರಣ ನನಗೆ ಕಾಣುವುದಿಲ್ಲ. ನೆಲ ಅಂತಸ್ತಿನಲ್ಲಿ ಕಿಟಕಿ ಮುಚ್ಚಿ ಇಡೀ ದಿನ ಎಸಿ ಹಾಕುವವರು ದಿನಕ್ಕೆ ಸ್ವಲ್ಪ ಹೊತ್ತಾದರೂ ಕಿಟಕಿ ತೆಗೆಯಿರಿ, ಅದಕ್ಕೆ ಖರ್ಚಿಲ್ಲ. ಏರ್ ಪ್ಯೂರಿಫೈಯರ್ ತೋರಿಸಿ ಇದು ರೇಡಾನನ್ನೂ ತೆಗೆಯುತ್ತದೆ ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಧೂಳು ಹಿಡಿಯುವ ಫಿಲ್ಟರಿಗೆ ಅನಿಲ ಸಿಗುವುದಿಲ್ಲ.

ಅಮೆರಿಕದಲ್ಲೋ ಕೆನಡಾದಲ್ಲೋ ನಿಮ್ಮ ಮನೆಯವರು ಮನೆ ನೋಡುತ್ತಿದ್ದರೆ ಈ ವಿಡಿಯೋ ಅವರಿಗೆ ಕಳಿಸಿ. ಕೆನಡಾದಲ್ಲಿ ಲೆಕ್ಕ ಬೇರೆ, ಅಲ್ಲಿ ಬೆಕ್ವೆರೆಲ್ ಅನ್ನುವ ಇನ್ನೊಂದು ಮಾನದಲ್ಲಿ, ಒಂದು ಘನ ಮೀಟರ್ ಗಾಳಿಗೆ ಅಳೆಯುತ್ತಾರೆ, ಗೆರೆ 200. ಅಮೆರಿಕದ 4 ಅಂದರೆ ಆ ಲೆಕ್ಕದಲ್ಲಿ 148. ಅಡ್ವಾನ್ಸ್ ಕೊಡುವ ಮೊದಲೇ ರಿಪೇರಿಯವರ ಹತ್ತಿರ, ಕೆಲಸ ಆದಮೇಲೆ ಎಷ್ಟರ ಒಳಗೆ ಇಳಿಯುತ್ತದೆ, ಇಳಿಯದಿದ್ದರೆ ಮತ್ತೆ ಬಂದು ದುಡ್ಡು ತೆಗೆದುಕೊಳ್ಳದೆ ಸರಿಮಾಡುತ್ತೀರಾ ಅಂತ ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಲಿ.