ಬೀಸುಕಲ್ಲಿನಿಂದ ಬಂದ ಎಣಿಕೆ

ಹಿರಿಯರೇ, ಸಹೋದರ ಸಹೋದರಿಯರೇ,

ತಸ್ಬೀಹ್, ಎಂದರೆ ದೇವರ ಸ್ಮರಣೆಯನ್ನು ಎಣಿಸುವ ಮಣಿಸರ, ನಮ್ಮ ವಿಜಯಪುರದವರಿಗೆ ಹೊಸ ವಸ್ತುವಲ್ಲ; ಆ ಸ್ಮರಣೆಗೂ ಅದೇ ಹೆಸರು. ದರ್ಗಾಗಳ ಮುಂದಿನ ಅಂಗಡಿಗಳಲ್ಲಿ ಅತ್ತರು, ಸುರ್ಮಾ, ಟೊಪ್ಪಿಗೆಗಳ ಪಕ್ಕದಲ್ಲಿ ಅದು ಗೊಂಚಲು ಗೊಂಚಲಾಗಿ ತೂಗುತ್ತಿರುತ್ತದೆ. ಆದರೆ ಆ ಸರಕ್ಕಿಂತ ಅದರ ಎಣಿಕೆ ಹಳೆಯದು. ಆ ಎಣಿಕೆಯ ಹಿಂದೆ ಒಬ್ಬ ಹೆಣ್ಣುಮಗಳ ಬೊಬ್ಬೆಯೆದ್ದ ಅಂಗೈ ಇದೆ. ಇಂದು ಮುಖ್ಯವಾಗಿ ಆ ಅಂಗೈಯ ವಿಷಯವನ್ನೇ ಹೇಳಬೇಕೆಂದು ಬಂದಿದ್ದೇನೆ.

ಪ್ರವಾದಿ ಮುಹಮ್ಮದರ ನುಡಿ-ನಡೆಗಳ ವರದಿಗಳಿಗೆ ಹದೀಸ್ ಎನ್ನುತ್ತಾರೆ; ಬುಖಾರಿ ಮತ್ತು ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ಪ್ರಸಂಗ ಬರುತ್ತದೆ. ಪ್ರವಾದಿಯವರ ಮಗಳು ಫಾತಿಮಾ ದಿನವೂ ಬೀಸಿ ಬೀಸಿ ಕೈ ನೊಂದು, ಮನೆಗೆಲಸಕ್ಕೆ ಒಬ್ಬ ಆಳನ್ನು ಕೇಳೋಣವೆಂದು ತಂದೆಯ ಮನೆಗೆ ಹೋದರು, ಅವರು ಸಿಗಲಿಲ್ಲ. ಸುದ್ದಿ ತಿಳಿದ ಪ್ರವಾದಿಯವರು ರಾತ್ರಿ ತಾವೇ ಮಗಳ ಮನೆಗೆ ಬಂದಾಗ ಗಂಡಹೆಂಡಿರು ಆಗಲೇ ಮಲಗಿದ್ದರು. ಏಳಹೋದವರನ್ನು ತಡೆದು ಅವರಿಬ್ಬರ ನಡುವೆ ಕುಳಿತಾಗ ಆ ಪಾದಗಳ ತಂಪು ತಮ್ಮ ಎದೆಗೆ ತಾಗಿತೆಂದು ಅಳಿಯ ಅಲೀ ಮುಂದೆ ನೆನೆದಿದ್ದಾರೆ. ನೀವು ಕೇಳಿದ್ದಕ್ಕಿಂತ ಮೇಲಾದುದನ್ನು ಕೊಡುತ್ತೇನೆಂದು ಹೇಳಿ, ಮಲಗುವ ಮುನ್ನ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್ ಹೇಳಿರೆಂದು ಅವರು ಕಲಿಸಿದರು. ಅಲ್ಲಾಹನು ಪರಿಶುದ್ಧ, ಸ್ತುತಿ ಅವನಿಗೇ, ಅವನೇ ಮಹಾನ್ ಎಂಬುದು ಕ್ರಮವಾಗಿ ಈ ಮೂರರ ಅರ್ಥ. ಆಳು ಸಿಗಲಿಲ್ಲ, ಬೀಸುವ ಕೆಲಸ ತಪ್ಪಲಿಲ್ಲ. ಈ ಎಣಿಕೆಯನ್ನು ಇಂದಿಗೂ ‘ತಸ್ಬೀಹ್-ಎ-ಫಾತಿಮಾ’ ಎಂದೇ ಕರೆಯುತ್ತೇವೆ.

ಆಗ ಮಣಿಸರವಿರಲಿಲ್ಲ. ಬೆರಳುಗಳ ಮೇಲೆ ಎಣಿಸಿರಿ, ಕಡೆಯ ದಿನ ಅವುಗಳನ್ನೂ ಪ್ರಶ್ನಿಸಲಾಗುವುದು, ಅವೂ ಮಾತನಾಡುವವು ಎಂದು ಪ್ರವಾದಿಯವರು ಹೆಣ್ಣುಮಕ್ಕಳಿಗೆ ಹೇಳಿದ್ದರು. ಖರ್ಜೂರದ ಬೀಜ, ಹರಳುಕಲ್ಲುಗಳನ್ನು ಮುಂದಿಟ್ಟುಕೊಂಡು ಎಣಿಸಿದವರ ಪ್ರಸ್ತಾಪವೂ ಹದೀಸ್‌ಗಳಲ್ಲಿದೆ. ದಾರದಲ್ಲಿ ಪೋಣಿಸಿದ ಸರ ರೂಢಿಗೆ ಬಂದದ್ದು ಆಮೇಲೆ. ಆದ್ದರಿಂದಲೇ ಅದು ಬೇಡ, ಬೆರಳೇ ಸಾಕು ಎನ್ನುವ ವಿದ್ವಾಂಸರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. 910ರಲ್ಲಿ ತೀರಿಕೊಂಡ ಬಾಗ್ದಾದಿನ ಸೂಫಿ ಜುನೈದರನ್ನು, ನಿಮ್ಮಂಥವರಿಗೂ ಮಣಿಸರ ಬೇಕೇ ಎಂದು ಯಾರೋ ಕೇಳಿದಾಗ, ನನ್ನನ್ನು ದೇವರ ಬಳಿಗೆ ಮುಟ್ಟಿಸಿದ ದಾರಿಯನ್ನು ನಾನು ಬಿಡಲಾರೆ ಎಂದರಂತೆ. ನನ್ನ ಮಟ್ಟಿಗೆ ಈ ಉತ್ತರದಲ್ಲಿ ವಾದಕ್ಕಿಂತ ಕೃತಜ್ಞತೆಯೇ ಹೆಚ್ಚು ಕಾಣುತ್ತದೆ.

ಸರದ ರಚನೆ ಸರಳವಾದುದು. 99 ಮಣಿಗಳಿದ್ದರೆ 33ಕ್ಕೊಮ್ಮೆ ಬೇರೆ ಆಕಾರದ ಮಣಿಯೊಂದು ಬರುತ್ತದೆ; ದಾರದ ಎರಡು ತುದಿಗಳು ಕೂಡುವಲ್ಲಿ ‘ಇಮಾಮ್’ ಎಂಬ ಉದ್ದನೆಯ ಮಣಿ, ಅದರ ಕೆಳಗೆ ಗೊಂಡೆ. 33 ಮಣಿಗಳ ಸಣ್ಣ ಸರವನ್ನು ಮೂರು ಸುತ್ತು ಹಾಕುತ್ತಾರೆ. ಶ್ರೀಗಂಧ, ಅಕೀಕ್ ಎಂಬ ಬಣ್ಣದ ಕಲ್ಲು, ಹವಳ, ಆಲಿವ್ ಕಟ್ಟಿಗೆ, ಶಿಯಾಗಳಲ್ಲಿ ಕರ್ಬಲಾದ ಮಣ್ಣು, ಈಗ ಪ್ಲಾಸ್ಟಿಕ್, ಬೆರಳಿಗೆ ಸಿಕ್ಕಿಸುವ ಎಣಿಕೆಯ ಯಂತ್ರ: ಏನಿದ್ದರೂ ಕೆಲಸ ಒಂದೇ. ಲೆಕ್ಕವನ್ನು ಬೆರಳು ನೋಡಿಕೊಂಡರೆ ಮನಸ್ಸು ಲೆಕ್ಕದಿಂದ ಬಿಡುಗಡೆ ಪಡೆಯುತ್ತದೆ.

ಇನ್ನು ನಮ್ಮ ಊರಿನ ಮಾತು. ಈ ನೆಲದಲ್ಲಿ ಮಣಿ ಒಂದೇ ಮತದ ಸೊತ್ತಾಗಿ ಉಳಿದಿರಲಿಲ್ಲ. ಇಲ್ಲಿಯ ಸುಲ್ತಾನ ಎರಡನೆಯ ಇಬ್ರಾಹೀಂ ಆದಿಲಶಾಹನ ಚಿತ್ರಗಳಲ್ಲಿ ಆತನ ಕೊರಳಲ್ಲಿ ರುದ್ರಾಕ್ಷಿ ಇದೆ. ಆದರೆ ಅರಮನೆಗಿಂತ ನನ್ನನ್ನು ಹೆಚ್ಚು ಸೆಳೆಯುವುದು ಊರಿನ ಪಕ್ಕದ ಶಾಹಪುರ ಗುಡ್ಡ. ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಂ, 1675ರಲ್ಲಿ ತೀರಿಕೊಂಡ ಮೊಮ್ಮಗ ಅಮೀನುದ್ದೀನ್ ಆಲಾ: ಚಿಶ್ತಿ ಎಂಬ ಸೂಫಿ ಪಂಥದ ಈ ಮನೆತನದವರು ಪಾರ್ಸಿಯ ಬದಲು ಜನರಾಡುವ ದಖ್ಖನಿಯಲ್ಲಿ ಬರೆದರು. ಈ ಪರಂಪರೆಯಲ್ಲೇ ಹೆಣ್ಣುಮಕ್ಕಳು ಬೀಸುವಾಗ ಹಾಡುವ ‘ಚಕ್ಕಿನಾಮಾ’, ನೂಲುವಾಗ ಹಾಡುವ ‘ಚರ್ಖಾನಾಮಾ’ಗಳು ಬೆಳೆದವು. ಬೀಸುಕಲ್ಲಿನ ನೆಟ್ಟಗಿನ ಗೂಟ ಅಲ್ಲಾಹನ ಹೆಸರಿನ ಮೊದಲಕ್ಷರವಾದ ಅಲಿಫ್, ನಡುವಿನ ಕೀಲು ಪ್ರವಾದಿ ಎಂದು ಅಂಥ ಹಾಡೊಂದು ಹೇಳುತ್ತದೆ. ಕಲ್ಲು ತಿರುಗಿದಷ್ಟೂ ಜಿಕ್ರ್, ಎಂದರೆ ದೇವರ ಸ್ಮರಣೆ, ಸಾಗುತ್ತದೆ. ನಮ್ಮ ಕನ್ನಡದ ಬೀಸುವ ಪದಗಳನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದೀನಾದಲ್ಲಿ ಬೀಸುಕಲ್ಲಿನ ನೋವಿಗೆ ಮದ್ದಾಗಿ ಬಂದ ತಸ್ಬೀಹ್, ಸಾವಿರ ವರ್ಷಗಳಾದ ಮೇಲೆ ವಿಜಯಪುರದಲ್ಲಿ ಮತ್ತೆ ಬೀಸುಕಲ್ಲಿಗೇ ಬಂದು ಕೂತಿತು. ಎರಡು ಕೈಯೂ ದುಡಿಮೆಯಲ್ಲಿದ್ದು ಮಣಿ ಹಿಡಿಯಲು ಪುರುಸೊತ್ತಿಲ್ಲದವರಿಗೆ ಕಲ್ಲೇ ಮಣಿಯಾಯಿತು.

ನಮ್ಮ ದಾದಿಯ, ಎಂದರೆ ಅಪ್ಪನ ತಾಯಿಯ, ಮನೆಯಲ್ಲಿಯೂ ಬೀಸುಕಲ್ಲಿತ್ತು. ಓಣಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅದು ಹಿತ್ತಲು ಸೇರಿತು, ದಾದಿಯ ಕೈಗೆ ಕರಿಯ ಕಟ್ಟಿಗೆಯ 33 ಮಣಿಗಳ ಸರ ಬಂತು. ಒಮ್ಮೆ ದಾರ ಹರಿದು ಒಂದು ಮಣಿ ಕಳೆದುಹೋದಾಗ ಅವರು ಹೊಸ ಸರ ಕೊಳ್ಳಲಿಲ್ಲ. ರಮಜಾನಿನಲ್ಲಿ ತಿಂದ ಖರ್ಜೂರದ ಬೀಜವೊಂದಕ್ಕೆ ದಬ್ಬಣ ಕಾಸಿ ತೂತು ಹಾಕಿ ಆ ಜಾಗಕ್ಕೆ ಪೋಣಿಸಿದರು. ಅದು ಇಪ್ಪತ್ತೊಂದನೆಯದು. ಕಡೆಗಾಲದಲ್ಲಿ ಕಣ್ಣು ಕಾಣದಾದಾಗಲೂ, ನಸುಕಿನ ಫಜರ್ ನಮಾಜಿನ ಬಳಿಕ ಆ ಒರಟು ಬೀಜ ಬೆರಳಿಗೆ ತಾಗಿದೊಡನೆ, ಇನ್ನು ಹನ್ನೆರಡು ಉಳಿದಿವೆ ಎಂದು ಅವರಿಗೆ ತಿಳಿಯುತ್ತಿತ್ತು.