ಸಂಜಿ ತಿಂಡಿಗೆ ಕಾಯಿಪಲ್ಯ ಎರಡು ಬಟ್ಟಲ, ಹಿಟ್ಟು ಒಂದ ಬಟ್ಟಲ

ನಮಸ್ಕಾರ್ರೀ ಎಲ್ಲಾರಿಗೂ, ಹೆಂಗದೀರಿ? ನಾನು ಕೊಪ್ಪಳದ ಭಾಗ್ಯನಗರದಿಂದ ಮಾತಾಡಾಕತ್ತೀನಿ, ಇವತ್ತಿನ ವ್ಲಾಗ್ ಪೂರಾ ನಮ್ಮ ಅಡಿಗಿಮನ್ಯಾಗ ಐತ್ರೀ, ಹೊರಗ ಎಲ್ಲೂ ಹೋಗಿಲ್ಲ, ಈ ಬಿಸಲಾಗ ಹೋಗೋದೂ ಬ್ಯಾಡ. ಭಾಳ ಮಂದಿ ಕೇಳಿದ್ರಿ, ಅಕ್ಕಾ ಹುಡುಗ್ರು ಸಾಲಿಯಿಂದ ಬಂದ ಕೂಡ್ಲೆ ಏನಾರ ಕೊಡು ಅಂತ ಗಂಟ ಬೀಳ್ತಾವ, ಕಾಯಿಪಲ್ಯ ಅಂತೂ ಮುಟ್ಟಂಗಿಲ್ಲ, ಏನ ಮಾಡಿ ಕೊಡೂಣು ಅಂತ. ಅದಕ ಇವತ್ತು ನಮ್ಮ ಮನ್ಯಾಗ ಸಂಜಿಕ ಮಾಡೋ ಕಾಯಿಪಲ್ಯದ ತಿಂಡಿ ಒಂದೊಂದ ತೋರಸ್ತೀನಿ, ಎಲ್ಲಾ ಈಜೀನ ಅದಾವ, ಓವನ್ ಬ್ಯಾಡ, ಏರ್ ಫ್ರಾಯರ್ ಬ್ಯಾಡ, ಒಂದು ತವಾ, ಒಂದು ಪಡ್ಡಿನ ಹಂಚು, ಒಂದು ಇಡ್ಲಿ ಪಾತ್ರಿ ಇದ್ರ ಸಾಕು.

ಮೊದಲ ಒಂದು ಮಾತು ಹೇಳಬೇಕ್ರಿ. ನಮ್ಮ ಕಡೆ ಸಂಜಿ ಐದು ಆತಂದ್ರ ಬಾಯಿ ಏನ ಕೇಳತೈತಿ, ಮಿರ್ಚಿ ಮಂಡಕ್ಕಿ. ಕೊಪ್ಪಳ ಆಗಲಿ ಗಂಗಾವತಿ ಆಗಲಿ, ಅತ್ತಾಗ ರಾಯಚೂರು ಬಳ್ಳಾರಿ ಆಗಲಿ, ಮಿರ್ಚಿ ಬಂಡಿ ಮುಂದ ಮಂದಿ ನಿಂತಿರೋದು ನೋಡೇ ನೋಡ್ತೀರಿ. ಗವಿಮಠದ ಜಾತ್ರಿ ದಾಸೋಹದಾಗ ಲಕ್ಷಗಟ್ಟಲೆ ಮಿರ್ಚಿ ಕರೀತಾರ, ಆ ಭಕ್ತಿಯಿಂದ ಕರಿದಿದ್ದನ್ನ ನಾನೂ ಕಣ್ಣಿಗೆ ಒತ್ಕೊಂಡು ತಿಂತೀನಿ, ಅವತ್ತು ಎಣ್ಣಿ ಲೆಕ್ಕ ಹಾಕಂಗಿಲ್ಲ. ಆದ್ರ ದಿನಾ ಸಂಜಿಕ ಅದನ್ನ ತಿನ್ನೋದು ಬ್ಯಾರೆ ಮಾತು. ಕಾದ ಎಣ್ಣೀನ ಮತ್ತ ಮತ್ತ ಕಾಸಿದಂಗ ಅದರಾಗ ಪೋಲಾರ್ ಕಾಂಪೌಂಡ್ ಅನ್ನೋ ಕೆಟ್ಟ ಅಂಶ ಹೆಚ್ಚಾಕ್ಕಾವ, ಅವು 25 ಪರ್ಸೆಂಟ್ ದಾಟಿದ್ರ ಆ ಎಣ್ಣಿ ಬಳಸಬಾರ್ದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಿಂದ ನಿಯಮ ಜಾರಿ ಮಾಡೈತಿ. ಬಂಡಿ ಎಣ್ಣಿ ಎಷ್ಟು ಸಲ ಕಾದೈತಿ ಅಂತ ನಾವು ನಿಂತು ನೋಡಾಕ ಆಗಂಗಿಲ್ಲಲ್ರೀ.

ಹಂಗಂತ ಗಜ್ಜರಿ ಕುದಿಸಿ, ಬೀನ್ಸ್ ಕುದಿಸಿ ತಟ್ಟ್ಯಾಗ ಹಾಕಿ ಹೆಲ್ದಿ ಐತಿ ತಿನ್ನು ಅಂದ್ರ ಯಾವ ಹುಡುಗ ತಿಂತಾನ ಹೇಳ್ರಿ. ದೊಡ್ಡವ್ರೂ ತಿನ್ನಂಗಿಲ್ಲ. ಮಿರ್ಚಿ ಮಂಡಕ್ಕ್ಯಾಗ ಏನೈತಿ ಅಂದ್ರ ಕರುಂ ಅನ್ನತೈತಿ, ಖಾರ ಐತಿ, ಮ್ಯಾಲ ಹುಳಿ ಐತಿ, ಈ ಮೂರೂ ಇದ್ರ ನಮ್ಮ ಮಂದಿ ಏನ ಕೊಟ್ರೂ ತಿಂತಾರ. ಅದಕ ನಾನು ಹೊರಗಿಂದು ಹೊಸಾ ತಿಂಡಿ ಹುಡುಕಾಕ ಹೋಗಂಗಿಲ್ಲ, ನಮ್ಮ ಪಡ್ಡು, ನುಚ್ಚಿನುಂಡಿ, ಮಂಡಕ್ಕಿ ಇವನ್ನ ಇಟ್ಕೊಂಡು ಕಾಯಿಪಲ್ಯದ ಪಾಲು ಜಾಸ್ತಿ ಮಾಡ್ತೀನಿ. ನನ್ನ ಲೆಕ್ಕ ಏನಂದ್ರ ಹಿಟ್ಟು ಒಂದ ಬಟ್ಟಲ ಆದ್ರ ಕಾಯಿಪಲ್ಯ ಎರಡು ಬಟ್ಟಲ. ಯಾಕ ಇಷ್ಟು ಒತ್ತಿ ಹೇಳಾಕತ್ತೀನಿ ಅಂದ್ರ, ವೆಜಿಟೇಬಲ್ ಪಡ್ಡು ಅಂತ ಹೆಸರಿರತೈತಿ, ಒಳಗ ನೋಡಿದ್ರ ಗಜ್ಜರಿ ಎರಡು ಎಳಿ, ಉಳದದ್ದೆಲ್ಲಾ ಅಕ್ಕಿ ಹಿಟ್ಟು, ಅದು ಕಾಯಿಪಲ್ಯ ತಿಂದಂಗ ಆಗಂಗಿಲ್ರೀ. ದಿನಕ ಹಣ್ಣು ಕಾಯಿಪಲ್ಯ ಸೇರಿ ಕಮ್ಮಿ ಅಂದ್ರೂ 400 ಗ್ರಾಂ ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ, ನಮ್ಮ ಪಕ್ಕದ ಹೈದರಾಬಾದ್‌ನ ರಾಷ್ಟ್ರೀಯ ಪೋಷಣ ಸಂಸ್ಥೆಯವ್ರು 2024ರಾಗ ಬಿಟ್ಟ ಮಾರ್ಗಸೂಚಿ ಪ್ರಕಾರ ತಟ್ಟ್ಯಾಗ ಅರ್ಧ ಕಾಯಿಪಲ್ಯ ಹಣ್ಣು ಇರಬೇಕು. ಮಧ್ಯಾಹ್ನ ಅನ್ನ ಸಾರು ಉಂಡು ಎದ್ದ ಹುಡುಗ್ರಿಗೆ ಅಷ್ಟು ಎಲ್ಲಿಂದ ಬರಬೇಕು, ಸಂಜಿ ತಿಂಡ್ಯಾಗ ಒಂದಿಷ್ಟು ಹೋದ್ರ ಅಷ್ಟ ಸಮಾಧಾನ.

ಬರ್ರಿ ಈಗ ಶುರು ಮಾಡೂಣು. ಮೊದಲ್ನೇದು ಸಬ್ಬಸಗಿ ಹೀರಿಕಾಯಿ ವಡಿ. ಇಲ್ಲಿ ನೋಡ್ರಿ, ಸಬ್ಬಸಗಿ ಪಲ್ಲೆ ಎರಡು ಸಿವುಡು ತಂದೀನಿ, ಮೂರ್ನಾಲ್ಕು ಸಲ ನೀರಾಗ ಆಡಿಸಿ ತೊಳೀರಿ, ತಳದಾಗ ಮಣ್ಣು ಇರತೈತಿ. ಹೀರಿಕಾಯಿದು ಗೀರು ಅಷ್ಟ ಹೆರದು ತಕ್ಕೊಳ್ರಿ, ಆ ಸಿಪ್ಪಿ ಒಗೀಬ್ಯಾಡ್ರಿ, ಎಣ್ಣ್ಯಾಗ ಹುರದು ಹಸಿಮೆಣಸಿನಕಾಯಿ ಹುಣಸಿಹಣ್ಣು ಬಳ್ಳೊಳ್ಳಿ ಹಾಕಿ ರುಬ್ಬಿದ್ರ ಇದ ವಡಿಗೆ ಹಚ್ಕೊಳ್ಳಾಕ ಚಟ್ನಿ ಆಕ್ಕತಿ. ಹೆಚ್ಚೂಕಿಂತ ಮೊದಲ ಒಂದು ಸಣ್ಣ ಹೋಳು ನಾಲಿಗಿಗೆ ಹಚ್ಚಿ ನೋಡ್ರಿ, ಕಹಿ ಇದ್ರ ಆ ಕಾಯೀನ ಪೂರಾ ಬಿಟ್ಟುಬಿಡ್ರಿ, ಸೋರಿಕಾಯಿ ಸವತಿಕಾಯಿಗೂ ಇದ ಮಾತು, ಆ ಕಹಿ ಅಂಶ ಕುದಿಸಿದ್ರೂ ಹೋಗಂಗಿಲ್ಲ, ಹೊಟ್ಟಿ ಭಾಳ ಕೆಡಸತೈತಿ.

ಹೀರಿಕಾಯಿ ತುರದು, ಸಬ್ಬಸಗಿ ಸಣ್ಣಗ ಹೆಚ್ಚಿ, ಎರಡೂ ಸೇರಿ ಒತ್ತಿ ಅಳದ್ರ ಎರಡು ಬಟ್ಟಲ ಆಗಬೇಕು. ಅದಕ ಉಪ್ಪು ಹಾಕಿ ಹತ್ತು ನಿಮಿಷ ಹಂಗ ಬಿಡ್ರಿ. ನೋಡ್ರಿ ಎಷ್ಟು ನೀರು ಬಿಟ್ಟೈತಿ, ಉಪ್ಪು ಕಾಯಿ ಒಳಗಿನ ನೀರು ಜಗ್ಗತೈತಿ, ಈ ನೀರು ಹಿಂಡಿ ಚೆಲ್ಲಬ್ಯಾಡ್ರಿ, ಇದರಾಗ ಹಿಟ್ಟು ಕಲಸೋದು, ಮ್ಯಾಲ ಬ್ಯಾರೆ ನೀರು ಹಾಕೋದ ಬ್ಯಾಡ. ಈಗ ಮುಕ್ಕಾಲು ಬಟ್ಟಲ ಜೋಳದ ಹಿಟ್ಟು, ಕಾಲು ಬಟ್ಟಲ ಕಡ್ಲಿ ಹಿಟ್ಟು. ಬರೇ ಜೋಳದ್ದ ಹಾಕಿದ್ರ ಅದಕ ಗೋಧಿ ಹಿಟ್ಟಿನಂಗ ಅಂಟು ಇಲ್ಲ, ವಡಿ ಒಡದು ಬಿಡತೈತಿ, ಕಡ್ಲಿ ಹಿಟ್ಟು ಹಿಡದು ನಿಲ್ಲಸತೈತಿ. ಜೀರಗಿ, ಅಜವಾನ, ಅರಿಷಿಣ, ಜಜ್ಜಿದ ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಒಂದು ಚಮಚ ಬಿಳಿ ಎಳ್ಳು, ಎಲ್ಲಾ ಹಾಕಿ ಕಲಸಿ ಕೈಗೆ ಎಣ್ಣಿ ಹಚ್ಕೊಂಡು ಉದ್ದಕ ಉರುಳಿ ಮಾಡಿ ಇಡ್ಲಿ ಪಾತ್ರ್ಯಾಗ ಉಗಿಗೆ ಇಡ್ರಿ, ಹದಿನೈದು ನಿಮಿಷ, ಒಂದು ಕಡ್ಡಿ ಚುಚ್ಚಿ ನೋಡ್ರಿ, ಅಂಟದಂಗ ಬಂದ್ರ ಬೆಂದೈತಿ.

ಪೂರಾ ಆರಲಿ ಬಿಡ್ರಿ. ಬಿಸಿ ಇದ್ದಾಗ ಕೊಯ್ದ್ರ ಪುಡಿ ಪುಡಿ ಆಕ್ಕತಿ. ಆರಿದ ಮ್ಯಾಲ ಬೆರಳಿನಷ್ಟು ದಪ್ಪ ಬಿಲ್ಲಿ ಕೊಯ್ದು ತವಾದ ಮ್ಯಾಲ ಎರಡು ಚಮಚ ಎಣ್ಣಿ ಹಾಕಿ ಎರಡೂ ಕಡೆ ಕೆಂಪಗ ಆಗೂತನ ಬೇಯಸ್ರಿ. ಇಲ್ಲಿ ಅವಸರ ಮಾಡಬ್ಯಾಡ್ರಿ, ಸಣ್ಣ ಉರಿ ಇರಲಿ, ಈ ಕೆಂಪು ಪದರಾನ ಕರುಂ ಅನ್ನೋದು. ಎಣ್ಣಿ ಒಟ್ಟ ಬ್ಯಾಡ ಅನ್ನೋವ್ರು ಇದ್ದೀರಿ, ನಾನು ಒಪ್ಪಂಗಿಲ್ಲ, ಗಜ್ಜರಿ ಮತ್ತ ಪಲ್ಲೆದಾಗಿನ ಬೀಟಾ ಕ್ಯಾರೋಟಿನ್, ಅಂದ್ರ ಮೈಯಾಗ ವಿಟಮಿನ್ ಎ ಆಗೋ ಅಂಶ, ಮೈಗೆ ಹತ್ತಬೇಕಂದ್ರ ಸ್ವಲ್ಪ ಎಣ್ಣಿ ಬೇಕ ಬೇಕು. ನಮ್ಮ ಅತ್ತಿ ಇದನ್ನ ಮೊಸರಿನಾಗ ಗುರೆಳ್ಳ ಹಿಂಡಿ, ಅಂದ್ರ ಚಟ್ನಿಪುಡಿ, ಕಲಸ್ಕೊಂಡು ಹಚ್ಕೊಂಡು ತಿಂತಾರ, "ನೋಡವಾ, ರೊಟ್ಟಿ ಕಾಯಿಪಲ್ಯ ಎರಡೂ ಇದರಾಗ ಬಂತು" ಅಂತಾರ, ಹಲ್ಲಿಗೂ ತ್ರಾಸ ಆಗಂಗಿಲ್ಲ ಅವ್ರಿಗೆ. ಸಬ್ಬಸಗಿ ಸಿಗದಿದ್ರ ಮೆಂತೇ ಪಲ್ಲೆ, ರಾಜಗಿರಿ, ಬ್ಯಾಸಿಗ್ಯಾಗ ಸೋರಿಕಾಯಿ ಒಂದ ಹಾಕಿದ್ರೂ ನಡೀತೈತಿ.

ಎರಡನೇದು ನುಚ್ಚಿನುಂಡಿ, ಇದು ಎಲ್ಲಾರಿಗೂ ಗೊತ್ತಿದ್ದದ್ದ, ಜಾಸ್ತಿ ಹೇಳಂಗಿಲ್ಲ. ತೊಗರಿ ಬ್ಯಾಳಿ ಎರಡು ತಾಸು ನೆನಸಿ ನೀರು ಪೂರಾ ಬಸದು ತರಿ ತರಿ ರುಬ್ಬಬೇಕು, ಸಣ್ಣಗ ರುಬ್ಬಿದ್ರ ಉಂಡಿ ಗಟ್ಟಿ ಆಕ್ಕಾವ. ಇದಕ ಗಜ್ಜರಿ ತುರಿ, ಸಣ್ಣಗ ಹೆಚ್ಚಿದ ಎಲಿಕೋಸು, ಸಬ್ಬಸಗಿ ಕೈ ತುಂಬ ಹಾಕ್ರಿ, ಬ್ಯಾಳಿಯಷ್ಟ ಕಾಯಿಪಲ್ಯ ಹಿಡೀತೈತಿ ಇದು, ಅದಕಿಂತ ಹೆಚ್ಚು ಹಾಕಿದ್ರ ಉಂಡಿ ನಿಲ್ಲಂಗಿಲ್ಲ, ಇದೊಂದಕ ಮಾತ್ರ ನನ್ನ ಎರಡಕ್ಕೊಂದು ಲೆಕ್ಕ ಬಿಟ್ಟೀನಿ. ಹದಿನೈದು ನಿಮಿಷ ಉಗಿ, ಮ್ಯಾಲ ಒಂದು ಚಮಚ ತುಪ್ಪ. ಎಣ್ಣಿ ಒಂದು ಹನಿ ಇಲ್ಲದ, ಬ್ಯಾಳಿ ಕಾಯಿಪಲ್ಯ ಎರಡೂ ಇರೋ ಇಂಥಾ ತಿಂಡಿ ನಮ್ಮ ಹಿರ್ಯಾರು ಯಾವಾಗ್ಲೋ ಮಾಡಿಟ್ಟು ಹೋಗ್ಯಾರ, ನಾವು ಹಬ್ಬಕ್ಕೊಮ್ಮೆ ಅಷ್ಟ ನೆನಸ್ತೀವಿ, ಅದು ನಂಗ ಬ್ಯಾಸರ.

ಈಗ ಮಂಡಕ್ಕಿ. ರಾಯಚೂರು ಕಡೆ ಮಂಡಕ್ಕಿ ತೋಯಿಸಿ ಸುಸಲಾ ಮಾಡ್ತಾರಲ್ರೀ, ಅದೂ ನಂಗ ಪ್ರಾಣ, ಆದ್ರ ಇವತ್ತು ಮಾಡೋದು ಒಣ ಮಂಡಕ್ಕಿ. ಬರೇ ಮಂಡಕ್ಕಿ ತಿಂದ್ರ ಅರ್ಧ ತಾಸಿಗೆ ಮತ್ತ ಹಸಿವು, ಯಾಕಂದ್ರ ಅದು ಉಬ್ಬಿದ ಅಕ್ಕಿ ಅಷ್ಟ, ಬಟ್ಟಲ ತುಂಬಿದಂಗ ಕಾಣತೈತಿ, ತೂಕ ಇರಂಗಿಲ್ಲ. ಅದಕ ನಾನು ಮೊಳಕಿ ಬಂದ ಹೆಸರುಕಾಳು ಹಾಕ್ತೀನಿ, ಒಣ ಹೆಸರುಕಾಳಿನಾಗ 100 ಗ್ರಾಂಗೆ ಹೆಚ್ಚು ಕಮ್ಮಿ 24 ಗ್ರಾಂ ಪ್ರೋಟೀನ್ ಇರತೈತಿ, ಮೊಳಕಿ ಬಂದ್ರ ವಿಟಮಿನ್ ಸಿ ಕೂಡ ಬರತೈತಿ. ರಾತ್ರಿ ನೆನಸಿ ಮುಂಜಾನಿ ಬಟ್ಟ್ಯಾಗ ಕಟ್ರಿ, ನಮ್ಮೂರ ಬ್ಯಾಸಿಗಿಗೆ ಸಂಜಿಗೆ ಮೊಳಕಿ ಒಡದಿರತೈತಿ, ಮಳಿಗಾಲ ಚಳಿಗಾಲದಾಗ ಮರುದಿನ ಆಕ್ಕತಿ. ಆದ್ರ ಬ್ಯಾಸಿಗ್ಯಾಗ ಬಟ್ಟಿ ಬೇಗ ಒಣಗತೈತಿ, ನಡುವ ಒಂದೆರಡು ಸಲ ನೀರು ಚಿಮುಕಸ್ರಿ, ಮತ್ತ ಕಟ್ಟಿದ ಕಾಳು ಹುಳಿ ವಾಸನಿ ಬಂದ್ರ, ಕೈಗೆ ಲೋಳಿ ಹತ್ತಿದ್ರ ಅದನ್ನ ತಿನ್ನಬ್ಯಾಡ್ರಿ. ಸಣ್ಣ ಹುಡುಗ್ರಿಗೆ, ಬಸುರಿ ಹೆಣಮಕ್ಕಳಿಗೆ, ವಯಸ್ಸಾದವ್ರಿಗೆ ಹಸೀದು ಕೊಡಬ್ಯಾಡ್ರಿ, ಚೆಂದಗ ಬೇಯಿಸಿ ಕೊಡ್ರಿ.

ಒಂದು ಚಮಚ ಎಣ್ಣ್ಯಾಗ ಸಾಸಿವಿ, ಕರಿಬೇವು, ಶೇಂಗಾ, ಹಸಿಮೆಣಸಿನಕಾಯಿ, ಅರಿಷಿಣ, ಒಗ್ಗರಣಿ ಆರಿದ ಮ್ಯಾಲ ಮಂಡಕ್ಕಿ ಹಾಕಿ ಕೈಯಾಡಸ್ರಿ. ಸವತಿಕಾಯಿ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ, ಟಮಾಟಿ ಎಲ್ಲಾ ಸಣ್ಣಗ ಹೆಚ್ಚಿ ಬ್ಯಾರೆ ಬಟ್ಟಲದಾಗ ಇಡ್ರಿ, ಉಪ್ಪು ಅದಕ ಈಗ್ಲೇ ಹಾಕಬ್ಯಾಡ್ರಿ, ವಡಿಗೆ ನೀರು ಬೇಕಿತ್ತು, ಇಲ್ಲಿ ನೀರು ಬಂತಂದ್ರ ಮಂಡಕ್ಕಿ ಮೆತ್ತಗ ಆಗಿಬಿಡತೈತಿ. ಎಲ್ಲಾರೂ ತಟ್ಟಿ ಹಿಡ್ಕೊಂಡು ಕುಂತ ಮ್ಯಾಲ ಕಾಯಿಪಲ್ಯ, ಕಾಳು, ಲಿಂಬಿಹಣ್ಣು, ಕೊತ್ತಂಬರಿ, ಕಡೀಕ ಪುಟಾಣಿ ಹಿಟ್ಟು, ಪುಟಾಣಿ ಹಿಟ್ಟು ಇದ್ದಬದ್ದ ಪಸಿ ಹೀರ್ಕೊಳ್ಳತೈತಿ. ಶೇಂಗಾ ಹಿಂಡಿ ಹಾಕೋದಿದ್ರ ಬ್ಯಾರೆ ಉಪ್ಪು ಬ್ಯಾಡ, ಹಿಂಡ್ಯಾಗ ಮೊದಲ ಇರತೈತಿ.

ಇನ್ನ ಪಡ್ಡು. ದ್ವಾಸಿ ಹಿಟ್ಟು ಉಳದಿದ್ರ ಸಂಜಿಕ ಇದ ಮಾಡ್ರಿ. ಒಂದ ಬಟ್ಟಲ ಹಿಟ್ಟಿಗೆ ಎರಡು ಬಟ್ಟಲ ಅಂದ್ರ ಹಿಟ್ಟು ಕಾಣಂಗ ಇಲ್ಲ ಅನಸ್ತೈತಿ, ಅಂಜಬ್ಯಾಡ್ರಿ, ಗಜ್ಜರಿ, ಎಲಿಕೋಸು, ಡೊಣ್ಣ ಮೆಣಸಿನಕಾಯಿ ಸಣ್ಣಗ ಇದ್ರ ಹಂಚಿನ ಕುಣ್ಯಾಗ ತಾನಾ ಕೂಡ್ತಾವ. ಹಿಟ್ಟು ನೀರಾಗಿದ್ರ ಒಂದು ಚಮಚ ಸಜ್ಜಿ ಹಿಟ್ಟು ಹಾಕ್ರಿ. ಒಂದೊಂದು ಕುಣಿಗೆ ನಾಲ್ಕು ಹನಿ ಎಣ್ಣಿ, ಮುಚ್ಚಳ ಮುಚ್ಚಬೇಕು, ಒಳಗಿನ ಕಾಯಿಪಲ್ಯ ಅದರ ಉಗ್ಯಾಗ ಬೇಯತೈತಿ, ಹೊಳ್ಳಿ ಹಾಕಿದ ಮ್ಯಾಲ ಮುಚ್ಚಬ್ಯಾಡ್ರಿ, ಕರುಂ ಹೋಗತೈತಿ.

ಕಡೀಕ ನಮ್ಮ ಯಜಮಾನ್ರ ಫೇವರೇಟ್, ತವಾ ಮಿರ್ಚಿ. ಉದ್ದನ್ನ ಬಜಿ ಮೆಣಸಿನಕಾಯಿ ನಡುವ ಸೀಳಿ ಬೀಜ, ಅದಕ ಅಂಟಿದ ಬಿಳಿ ತಿರುಳು ಎರಡೂ ತಕ್ಕೊಳ್ರಿ, ಖಾರ ಇಳೀತೈತಿ. ಒಳಗ ತುಂಬಾಕ ಗಜ್ಜರಿ ತುರಿ, ಉಳ್ಳಾಗಡ್ಡಿ, ಹುರದು ತರಿ ಮಾಡಿದ ಶೇಂಗಾ, ಅಜವಾನ, ಹುಣಸಿಹಣ್ಣಿನ ರಸ ಒಂದು ಚಮಚ. ತುಂಬಿದ ಮೆಣಸಿನಕಾಯೀನ ತೆಳ್ಳನ ಕಡ್ಲಿ ಹಿಟ್ಟಿನಾಗ ಒಂದ ಸಲ ಅದ್ದಿ ತವಾದ ಮ್ಯಾಲ ಇಟ್ಟು ನಾಲ್ಕೂ ಕಡೆ ಹೊಳ್ಳಿಸಿ ಹೊಳ್ಳಿಸಿ ಬೇಯಸ್ರಿ. ಕರಿದ ಮಿರ್ಚಿ ರುಚಿನ ಬರತೈತಿ ಅಂತ ನಾನು ಹೇಳಂಗಿಲ್ಲ, ಅದರ ರುಚಿ ಅದಕ. ಇದರಾಗ ಮೆಣಸಿನಕಾಯಿ ರುಚಿ ಮುಂದ ಬರತೈತಿ, ಕರಿದಿದ್ದರಾಗ ಹಿಟ್ಟಿನ ರುಚಿ ಮುಂದ ಇರತೈತಿ.

ಚಾ ಬಗ್ಗೆ ಒಂದು ಮಾತು ಹೇಳಲಿಲ್ಲಂದ್ರ ಮನಸು ತಡಿಯಂಗಿಲ್ಲ. ತಿಂಡಿ ಅಂದ್ರ ಜೊತಿಗೆ ಚಾ ಇರಬೇಕು ನಮಗ, ಆದ್ರ ಚಾದಾಗಿನ ಟ್ಯಾನಿನ್ ಅನ್ನೋ ಒಗರು ಅಂಶ ಪಲ್ಲೆ ಮತ್ತ ಕಾಳಿನಾಗಿನ ಕಬ್ಬಿಣದ ಅಂಶ ಮೈಗೆ ಪೂರಾ ಹತ್ತಗೊಡಂಗಿಲ್ಲ. ರಕ್ತ ಕಮ್ಮಿ ಐತಿ ಅಂತ ಡಾಕ್ಟರ್ ಗುಳಗಿ ಕೊಟ್ಟಿರತಾರ, ನಾವು ಮೆಂತೇ ವಡಿ ತಿಂದು ಮ್ಯಾಲ ಒಂದು ದೊಡ್ಡ ಕಪ್ ಚಾ ಹೊಯ್ಕೊತೀವಿ. ಮನ್ಯಾಗ ಹೆಣಮಕ್ಕಳು ಇದ್ರ ದಯವಿಟ್ಟು ಇದನ್ನ ನೆನಪಿಡ್ರಿ, ತಿಂಡಿ ಮತ್ತ ಚಾ ನಡುವ ಒಂದು ತಾಸು ಬಿಡ್ರಿ, ತಿಂಡಿ ಜೊತಿ ಲಿಂಬಿಹಣ್ಣು ಹಿಂಡ್ಕೊಳ್ರಿ, ಅದರಾಗಿನ ವಿಟಮಿನ್ ಸಿ ಕಬ್ಬಿಣ ಹತ್ತಾಕ ಸಹಾಯ ಮಾಡತೈತಿ. ಚಾ ಬದ್ಲಿ ಮಜ್ಜಿಗಿ ಕುಡದ್ರ ಚೊಲೊ, ಈ ಬಿಸಲಿಗೆ ಅದಕಿಂತ ತಂಪು ಯಾವುದೈತಿ.

ಡಬ್ಬಿಗೆ ಕಟ್ಟೋದಿದ್ರ ವಡಿ ಮತ್ತ ಪಡ್ಡು ಕಟ್ರಿ, ಆದ್ರ ಪೂರಾ ಆರಿಸಿ ಕಟ್ರಿ, ಬಿಸೀದ ಮುಚ್ಚಿದ್ರ ಒಳಗ ಬೆವತು ಮೆತ್ತಗ ಆಕ್ಕಾವ, ನುಚ್ಚಿನುಂಡಿಗೆ ಹಸಿ ಕೊಬ್ರಿ ಹಾಕಿದ್ರ ಬ್ಯಾಸಿಗ್ಯಾಗ ಡಬ್ಬಿಗೆ ಬ್ಯಾಡ, ಮನ್ಯಾಗ ಬಿಸಿ ಇದ್ದಾಗ್ಲೇ ತಿಂದು ಮುಗಸ್ರಿ. ವಡಿ ಉರುಳಿ ಬೇಯಿಸಿದ್ದು ಫ್ರಿಜ್‌ನಾಗ ಎರಡು ದಿನ ಚೊಲೊ ಇರತೈತಿ, ಹುಡುಗ್ರು ಗೇಟ್ ತಗದ ಸಪ್ಪಳ ಕೇಳಿದ ಮ್ಯಾಲ ತವಾ ಇಟ್ರೂ ಕೈ ಕಾಲು ಮುಖ ತೊಳ್ಕೊಂಡು ಬರೋದ್ರಾಗ ತಯಾರು ಆಕ್ಕತಿ. ಮುಂದಿನ ವ್ಲಾಗ್‌ನಾಗ ಹಕ್ಕರಕಿ ಪಲ್ಲೆ, ಪುಂಡಿ ಪಲ್ಲೆ ತರಾಕ ಸಂತಿಗೆ ಹೋಗೂಣು, ಬರ್ತೀನ್ರೀ.